ಅರ್ಧ ಕಟ್ಟಿದ ಗಡ್ಡೆ

ಅದು ಶುರುವಾದದ್ದು ಬೇಸಿಗೆ ಕಾಲಿಟ್ಟ ಮೊದಲ ವಾರ, ಬೆಳಗಿನ ಆರು ಗಂಟೆಗೆ. ರಾತ್ರಿ ಪಾಳಿಯವರು ಕೈಗವಸು ಕಳಚಿ ಮೊಳೆಗೆ ಸಿಕ್ಕಿಸುತ್ತಿದ್ದರು, ನಾವು ಹಾಕಿಕೊಳ್ಳುತ್ತಿದ್ದೆವು. ಬೇಸಿಗೆಯಲ್ಲಿ ಐಸ್ ಫ್ಯಾಕ್ಟರಿಗೆ ಉಸಿರು ಬಿಡಲೂ ಪುರುಸೊತ್ತಿರುವುದಿಲ್ಲ. ಮೀನಿನ ಲಾರಿಗಳು ಬೆಳಕು ಹರಿಯುವ ಮೊದಲೇ ಬಾಗಿಲಲ್ಲಿ ಸಾಲುಗಟ್ಟಿರುತ್ತವೆ. ಅಂಥ ಹೊತ್ತಿನಲ್ಲಿ ನನ್ನ ತಂಗಿಯ ಗಂಡ ಒಂದು ಗಂಟೆಯೊಳಗೆ ನಾಲ್ಕು ಸಲ ಕೆಲಸ ಬಿಟ್ಟು ಪಾಯಿಖಾನೆಯ ಕಡೆ ಹೋಗಿಬಂದ.

ಅವನಿಗೆ ನಾನು ಭಾವ, ನನಗೂ ಅವನು ಭಾವ. ಕಾರ್ಖಾನೆಯವರಿಗೆಲ್ಲ ಅವನು ತೊಟ್ಟಿಭಾವ. ಐಸ್ ಗಡ್ಡೆ ಕಟ್ಟಿದ ಡಬ್ಬವನ್ನು ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಒಂದು ಗಳಿಗೆ ಅದ್ದಿ, ಅಂಚು ಸಡಿಲವಾದ ಮೇಲೆ ಬಗ್ಗಿಸಿ, ಗಡ್ಡೆಯನ್ನು ಹಲಗೆಯ ಮೇಲೆ ಜಾರಿಸುವುದು ಅವನ ಕೆಲಸ. ನಾನು ಮೇಸ್ತ್ರಿ. ಅವನನ್ನು ಇಲ್ಲಿಗೆ ಸೇರಿಸಿದವನು ನಾನೇ, ತಂಗಿಯನ್ನು ಕೊಟ್ಟವನೂ ನಾನೇ. ಹಾಗಾಗಿ ಅವನ ವಿಷಯದಲ್ಲಿ ನನಗೆ ಎರಡು ಕೈ ಜಾಸ್ತಿ ಅಧಿಕಾರ ಇದೆಯೆಂದು ತಿಳಿದುಕೊಂಡಿದ್ದೆ.

ಡಬ್ಬ ಎತ್ತುವ ಯಂತ್ರ ನಡೆಸುವವನನ್ನು ನಾವು ಉದ್ದಣ್ಣ ಅನ್ನುತ್ತೇವೆ. ಅವನ ನಾಲಿಗೆ ಅವನಿಗಿಂತ ಉದ್ದ. ಮೇಲಿನಿಂದಲೇ, ತೊಟ್ಟಿಭಾವ, ನಿಮ್ಮ ತೊಟ್ಟಿ ಸೋರ್ತಾ ಇದೆ, ವಾಷರ್ ಬದಲಾಯಿಸಿ ಅಂದ. ಎಲ್ಲರೂ ನಕ್ಕರು, ಅವನೂ ನಕ್ಕ. ಮಧ್ಯಾಹ್ನ ನಾನು ಆ ಕಡೆ ಹೋದಾಗ ಅವನು ಹಣೆಯನ್ನು ಗೋಡೆಗೆ ಆನಿಸಿ, ಕಣ್ಣು ಮುಚ್ಚಿ ನಿಂತಿದ್ದ. ಹನಿ ಹನಿಯಾಗಿ ಬೀಳುವ ಸದ್ದು ಕೇಳುತ್ತಿತ್ತು. ದನ ನಿಂತಲ್ಲೇ ದಣಿಯುವ ಹಾಗೆ ದಣಿದಿದ್ದ. ನಾನು ಕೆಮ್ಮಲಿಲ್ಲ, ಹಾಗೆಯೇ ಹಿಂದಕ್ಕೆ ಬಂದೆ.

ಆಮೇಲೆ ಎರಡು ತಿಂಗಳು ಆಸ್ಪತ್ರೆಯ ಬೆಂಚುಗಳ ಮೇಲೆ ಕಳೆಯಿತು. ಒಂದು ಕಡೆ ರಕ್ತ ತೆಗೆದರು, ಇನ್ನೊಂದು ಕಡೆ ಸ್ಕ್ಯಾನು, ಮತ್ತೊಂದು ಕಡೆ ಸೂಜಿ ಚುಚ್ಚಿ ಒಳಗಿನ ಚೂರು ತೆಗೆದರು. ಪ್ರತಿ ಸಲವೂ ನಾನೇ ಜೊತೆಗೆ ಹೋದೆ. ತಂಗಿ ಮನೆಯಲ್ಲಿ ಶಾಲೆಯ ಮಕ್ಕಳ ಬಟ್ಟೆ ಹೊಲಿಯುತ್ತಾಳೆ. ಶಾಲೆ ತೆರೆಯುವ ಮುಂಚೆ ಅವಳಿಗೆ ತಲೆ ಎತ್ತಲು ಬಿಡುವಿಲ್ಲ. ಅದೂ ಅಲ್ಲದೆ, ಗಂಡಸರ ಕಾಯಿಲೆ, ಗಂಡಸರೇ ಕೇಳಿ ಬರಲಿ ಅನ್ನುವುದು ನನ್ನ ಲೆಕ್ಕಾಚಾರ. ಅವಳು ಬೆಳಿಗ್ಗೆ ಅವನ ಅಂಗಿಯ ಗುಂಡಿ ಸರಿಯಾಗಿದೆಯೇ ನೋಡಿ ಕಳಿಸುತ್ತಿದ್ದಳು.

ಕೊನೆಗೆ ದೊಡ್ಡ ಡಾಕ್ಟರ ಕೋಣೆಗೆ ಕರೆದರು. ಅವರಿಗೆ ನೆಗಡಿಯಾಗಿತ್ತು, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ಒಂದು ಕಾಗದದ ಹಿಂಬದಿಯಲ್ಲಿ ನಿಂಬೆಹಣ್ಣಿನಷ್ಟು ಒಂದು ಗುಂಡು ಬರೆದರು. ಇದು ಪ್ರಾಸ್ಟೇಟ್ ಗ್ರಂಥಿ, ನಡುವೆ ಮೂತ್ರದ ನಾಳ ಹೋಗುತ್ತದೆ, ಎಡಭಾಗದಲ್ಲಿ ಕ್ಯಾನ್ಸರ್ ಇದೆ, ಬಲಭಾಗದಲ್ಲಿ ಈಗ ಕಂಡಿಲ್ಲ ಅಂದರು. ಕತ್ತರಿಸಿ ತೆಗೆಯಬಹುದು, ಕಿರಣ ಕೊಡಬಹುದು, ಇಲ್ಲವೇ ಹೆಪ್ಪುಗಟ್ಟಿಸಿ ಸಾಯಿಸಬಹುದು ಅಂದರು.

ಹೆಪ್ಪುಗಟ್ಟಿಸುವುದು ಅಂದಾಗ ನಾವಿಬ್ಬರೂ ಕುರ್ಚಿಯಲ್ಲಿ ಮುಂದಕ್ಕೆ ಸರಿದೆವು. ಅಲ್ಲಿಯವರೆಗೆ ಕಿವುಡರ ಹಾಗೆ ಕೂತಿದ್ದವರಿಗೆ ನಮ್ಮ ಭಾಷೆ ಕೇಳಿಸಿದ ಹಾಗಾಯಿತು. ಸಣ್ಣ ಸೂಜಿಗಳನ್ನು ಒಳಗೆ ತೂರಿಸಿ, ಅವುಗಳ ತುದಿಗೆ ಗ್ಯಾಸ್ ಬಿಡುತ್ತಾರಂತೆ. ತುದಿಯ ಸುತ್ತ ಐಸ್ ಕಟ್ಟುತ್ತಾ ಬರುವುದು ಪರದೆಯ ಮೇಲೆ ಕಾಣುತ್ತದಂತೆ. ಮೂತ್ರದ ನಾಳ ಹೆಪ್ಪುಗಟ್ಟದ ಹಾಗೆ ಅದರೊಳಗೆ ಬೆಚ್ಚಗಿನ ನೀರು ಹರಿಸುತ್ತಾರಂತೆ. ತೊಟ್ಟಿಭಾವ ತಲೆಯಾಡಿಸಿದ. ಬೆಚ್ಚಗಿನ ನೀರಿನ ಬೆಲೆ ಅವನಿಗೆ ಗೊತ್ತು. ಒಂದು ಸಲ ಕಟ್ಟಿಸಿ, ಕರಗಿಸಿ, ಮತ್ತೆ ಕಟ್ಟಿಸುತ್ತೇವೆ ಅಂದರು ಡಾಕ್ಟರು. ಎರಡು ಸಲ ಹೆಪ್ಪುಗಟ್ಟಿದ ಮೀನು ನಾಯಿಗೂ ಬೇಡ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ. ಇಲ್ಲಿ ಹಾಗೆ ಕೆಡುವುದೇ ಔಷಧಿ. ನನಗೆ ಅದು ಸರಿಯೆನಿಸಿತು.

ಆಮೇಲೆ ಡಾಕ್ಟರು ಗುಂಡಿನ ಎರಡೂ ಪಕ್ಕ ಸಣ್ಣ ದಾರದಂತೆ ಗೆರೆ ಎಳೆದರು. ಇವು ನರ, ಗಂಡಸಿನ ಶಕ್ತಿ ಇವುಗಳಲ್ಲಿದೆ ಅಂದರು. ಪೂರ್ತಿ ಗ್ರಂಥಿ ಹೆಪ್ಪುಗಟ್ಟಿಸಿದರೆ ಎರಡೂ ಕಡೆಯ ನರ ಹೋಗುವ ಸಂಭವ ಹೆಚ್ಚು, ಗಂಡ ಹೆಂಡಿರ ಸಂಬಂಧ ಅಲ್ಲಿಗೆ ಮುಗಿಯಬಹುದು. ಎಡಭಾಗ ಮಾತ್ರ ಮಾಡಿದರೆ ಬಲಗಡೆಯ ನರ ಉಳಿಯಬಹುದು, ಕೆಲವು ತಿಂಗಳಲ್ಲಿ ಶಕ್ತಿ ಮರಳಬಹುದು. ಆದರೆ ಉಳಿದ ಅರ್ಧದಲ್ಲಿ ಮುಂದೆ ಕಾಯಿಲೆ ಕಾಣಿಸಿಕೊಂಡರೂ ಕಾಣಿಸಿಕೊಳ್ಳಬಹುದು, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರಬೇಕು. ಯಾವುದಕ್ಕೂ ಖಾತ್ರಿ ಕೊಡುವುದಿಲ್ಲ ಅಂದರು. ಅಷ್ಟು ಹೇಳಿ, ಪೆನ್ನು ಕೆಳಗಿಟ್ಟು, ಅವನನ್ನೇ ನೋಡಿ ಕೇಳಿದರು:

"ಈ ವಿಷಯ ನಿಮಗೆ ಎಷ್ಟು ಮುಖ್ಯ? ಸಂಕೋಚ ಬೇಡ, ಹೇಳಿ."

ಅವನ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ, ಅವನ ಹೆಂಡತಿಯ ಅಣ್ಣನಾದ ನಾನು ಕೂತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಎದ್ದು ಹೊರಗೆ ಹೋಗಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವನ ಕಿವಿ ಕೆಂಪಾಯಿತು. ಬೂಟಿನ ತುದಿ ನೋಡುತ್ತಾ, "ಐವತ್ತೆಂಟು ಆಯ್ತಲ್ಲ ಡಾಕ್ಟ್ರೇ, ಇನ್ನೇನಿದೆ" ಅಂದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಡಾಕ್ಟರು ಇನ್ನೊಮ್ಮೆ ಕೇಳುತ್ತಿದ್ದರೋ ಏನೋ. ನಾನು ಬಾಯಿ ಹಾಕಿದೆ.

"ಅರ್ಧ ಕಟ್ಟಿದ ಗಡ್ಡೆ ನಾವು ಎತ್ತೋದಿಲ್ಲ ಡಾಕ್ಟ್ರೇ. ಎತ್ತಿದ್ರೆ ತೊಟ್ಟಿಯಲ್ಲೇ ಒಡೆದು ಕಾಲ ಮೇಲೆ ಬೀಳುತ್ತೆ. ಕಟ್ಟಿಸಿದ್ರೆ ಪೂರ್ತಿ ಕಟ್ಟಿಸಿಬಿಡಿ."

ಮೂವತ್ತೆಂಟು ವರ್ಷ ಅದೇ ಮಾತು ಹೇಳಿ ಹೇಳಿ ನನಗೆ ಅಭ್ಯಾಸವಾಗಿತ್ತು. ಅರ್ಧ ಕಟ್ಟಿದ ಗಡ್ಡೆ ಎತ್ತಿ ಕಾಲ್ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ. ಡಾಕ್ಟರು ನನ್ನನ್ನು ನೋಡಿದರು, ಅವನನ್ನು ನೋಡಿದರು, ಅವನು ತಲೆ ಎತ್ತಲಿಲ್ಲ. ಬರುವ ಸೋಮವಾರ ಬನ್ನಿ, ಅಷ್ಟರಲ್ಲಿ ಮನಸ್ಸು ಬದಲಾದರೆ ತಿಳಿಸಿ ಎಂದು ಫೈಲಿನಲ್ಲಿ ಬರೆದುಕೊಂಡರು. ಬರುವ ದಾರಿಯಲ್ಲಿ ಅವನು ನನ್ನಿಂದ ಎರಡು ಹೆಜ್ಜೆ ಹಿಂದೆಯೇ ನಡೆದ. ನಾನು, ದೊಡ್ಡ ಗಂಡಾಂತರ ಕಳೆಯಿತು ಎನ್ನುವವನ ಹಾಗೆ, ದಾರಿಯುದ್ದಕ್ಕೂ ಮಾತಾಡುತ್ತಾ ಬಂದೆ.

ನಮ್ಮ ಮನೆಯೆಂದರೆ ಎರಡು ಕೋಣೆ, ನಡುವೆ ಒಂದು ಪರದೆ. ಹನ್ನೊಂದು ವರ್ಷದ ಹಿಂದೆ ನನ್ನ ಹೆಂಡತಿ ಹೋದ ಮೇಲೆ, ಒಬ್ಬನೇ ಇರಬೇಡ ಅಣ್ಣ ಎಂದು ತಂಗಿ ಕರೆದುಕೊಂಡು ಬಂದಳು. ಹೊರಕೋಣೆಯಲ್ಲಿ ನನ್ನ ಮಂಚ ಹಾಕಿದಳು. ಒಂದು ವಾರಕ್ಕೆ ತೊಟ್ಟಿಭಾವ ತನ್ನ ಮಂಚವನ್ನೂ ಹೊರಗೆ ಎಳೆದು ತಂದು ನನ್ನ ಪಕ್ಕಕ್ಕೆ ಹಾಕಿಕೊಂಡ. ನನಗೆ ಜೊತೆಯಾಗಲಿ ಎಂದು ಬಂದನೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಒಳಕೋಣೆಯಲ್ಲಿ ತಂಗಿ, ಅವಳ ಹೊಲಿಗೆ ಯಂತ್ರ, ಬಟ್ಟೆಯ ಗಂಟುಗಳು.

ಆ ಸಂಜೆ ನಾನು ತಂಗಿಗೆ ಹೇಳಿದೆ, ಪೂರ್ತಿ ಮಾಡಿಸಲು ಹೇಳಿ ಬಂದಿದ್ದೇವೆ, ಚಿಂತೆ ಮಾಡಬೇಡ ಅಂತ. ಪೂರ್ತಿ ಅಂದರೆ ಏನು ಎಂದು ಅವಳು ಕೇಳಿದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಅಂದೆ. ಅವಳು ಗಂಡನನ್ನು ನೋಡಿದಳು. ಅವನು ಎದ್ದು ಒಳಕೋಣೆಗೆ ಹೋದ. ಸ್ವಲ್ಪ ಹೊತ್ತು ಯಂತ್ರ ನಡೆಯಿತು, ಅವನು ಅದರ ಸದ್ದಿನ ಮರೆಯಲ್ಲಿ ಮಾತಾಡುತ್ತಿದ್ದಿರಬೇಕು. ಆಮೇಲೆ ಯಂತ್ರ ನಿಂತಿತು. ಶಾಲೆ ತೆರೆಯಲು ಹತ್ತು ದಿನ ಇರುವಾಗ ಆ ಯಂತ್ರ ಅಷ್ಟು ಹೊತ್ತು ನಿಂತದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅವಳು ಹೊರಗೆ ಹೋಗುವ ಬಟ್ಟೆ ಹಾಕಿ, ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವನು ಹಿಂದೆ ನಿಂತಿದ್ದ.

"ಅಣ್ಣ, ಇನ್ಮೇಲೆ ಆಸ್ಪತ್ರೆಗೆ ನಾನೇ ಹೋಗ್ತೀನಿ. ನೀನು ಬರೋದು ಬೇಡ."

"ಡಾಕ್ಟರ ಮಾತು ನಿನಗೆ ತಿಳಿಯುತ್ತೇನಮ್ಮ? ಗಡ್ಡೆ ಕಟ್ಟಿಸೋ ಕೆಲಸ ಅದು."

ಅವಳು ಸಿಟ್ಟಾಗಲಿಲ್ಲ. ತುಂಬಾ ದಣಿದವರು ಮಾತಾಡುವ ಹಾಗೆ, ಒಂದೊಂದೇ ಮಾತು ಎತ್ತಿಟ್ಟ ಹಾಗೆ ಹೇಳಿದಳು:

"ಮೂವತ್ತು ವರ್ಷದಿಂದ ಬಟ್ಟೆ ಕತ್ತರಿಸ್ತಾ ಇದೀನಿ ಅಣ್ಣ. ಅಳತೆ ಕೊಡಬೇಕಾದವರು ಹಾಕ್ಕೊಳ್ಳೋರು. ಜೊತೆಗೆ ಬಂದೋರಲ್ಲ."

ಹೇಳಿ, ಮೆಟ್ಟಿಲಿಳಿದು ಹೋದಳು. ಅವನು ನನ್ನ ಮುಖ ನೋಡದೆ ಅವಳ ಹಿಂದೆ ಹೋದ. ನಾನು ಟವಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಚಿಕ್ಕಂದಿನಲ್ಲಿ ನನ್ನ ಬೆನ್ನ ಮೇಲೆ ಕೂತು ಬೆಳೆದವಳಿಗೆ, ಗಂಡನ ಬಗ್ಗೆ ಅಣ್ಣನ ಹತ್ತಿರ ಹೇಳಬಾರದ್ದನ್ನು ಇದಕ್ಕಿಂತ ಮರ್ಯಾದೆಯಾಗಿ ಹೇಳಲು ಸಾಧ್ಯವಿರಲಿಲ್ಲ. ಆ ದಿನ ಕಾರ್ಖಾನೆಯಲ್ಲಿ ಡಬ್ಬಗಳನ್ನು ಎಣಿಸುವಾಗ ಮೂರು ಸಲ ತಪ್ಪಿದೆ.

ಸೋಮವಾರ ಎಡಭಾಗ ಮಾತ್ರ ಮಾಡಿದರು. ಸೊಂಟದ ಕೆಳಗೆ ಮರಗಟ್ಟಿಸಿದ್ದರಂತೆ, ಅವನು ಎಚ್ಚರವಾಗಿಯೇ ಇದ್ದನಂತೆ. ಪರದೆಯ ಮೇಲೆ ಐಸ್ ಕಟ್ಟುವುದನ್ನು ನೋಡಿ, ಇನ್ನೂ ಅಂಚು ಹಿಡಿದಿಲ್ಲವಲ್ಲ ಎಂದನಂತೆ. ಡಾಕ್ಟರು ನಕ್ಕು, ನೀವು ನಿಮ್ಮ ಕಾರ್ಖಾನೆ ನೋಡಿಕೊಳ್ಳಿ, ಇದು ನನ್ನದು ಅಂದರಂತೆ. ಇದನ್ನೆಲ್ಲ ಅವನು ಉದ್ದಣ್ಣನಿಗೆ ಹೇಳಿದ್ದು, ಉದ್ದಣ್ಣ ನನಗೆ ಹೇಳಿದ್ದು. ನನ್ನ ಹತ್ತಿರ ಅವನು ಈ ವಿಷಯ ಎತ್ತುವುದನ್ನು ಬಿಟ್ಟಿದ್ದ.

ಮನೆಗೆ ಬಂದಾಗ ಅವನ ಮುಖದಲ್ಲಿ ಬಣ್ಣವಿರಲಿಲ್ಲ. ಎಂಟು ದಿನ ಮೂತ್ರದ ನಳಿಕೆ, ತೊಡೆಗೆ ಕಟ್ಟಿದ ಚೀಲ. ಚೀಲದಲ್ಲಿ ಮೊದಲು ಕೆಂಪು, ಆಮೇಲೆ ಕಂದು, ಆಮೇಲೆ ಹಳದಿ. ಬುಡವೆಲ್ಲ ಊದಿಕೊಂಡು ಕೂರಲಾಗುತ್ತಿರಲಿಲ್ಲ. ತಂಗಿ ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ತುಂಬಿ ನಡುವೆ ತೂತಿರುವ ದಿಂಬು ಹೊಲಿದುಕೊಟ್ಟಳು. ಅವನು ಅದರ ಮೇಲೆ ಕೂತು ಯಂತ್ರದ ಬಾಬಿನ್‌ಗಳಿಗೆ ದಾರ ಸುತ್ತಿ ಕೊಡುತ್ತಿದ್ದ. ನಳಿಕೆ ತೆಗೆದ ಮೇಲೂ ಎರಡು ವಾರ ಒಳಬಟ್ಟೆ ಒದ್ದೆಯಾಗುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗದ ಕಡೆ ನಾನು ನೋಡದ ಹಾಗೆ ಇರುತ್ತಿದ್ದೆ. ಊಟ, ಮಾತ್ರೆ, ನಿದ್ದೆ. ಮಳೆ ಬಂದದ್ದೂ ಹೋದದ್ದೂ ನನಗೆ ಸರಿಯಾಗಿ ನೆನಪಿಲ್ಲ.

ಮೂರು ತಿಂಗಳ ಮೇಲೆ ಮಾಡಿದ ರಕ್ತಪರೀಕ್ಷೆಯಲ್ಲಿ ಕಾಯಿಲೆಯ ಅಂಕಿ ಇಳಿದಿತ್ತು. ಅವನು ಕೆಲಸಕ್ಕೆ ಬರತೊಡಗಿದ. ಡಬ್ಬ ಬಗ್ಗಿಸುವಾಗ ಮೊದಲಿನ ಬಿರುಸಿಲ್ಲ, ಆದರೆ ಗೋಡೆಗೆ ಹಣೆ ಆನಿಸುವುದೂ ಇಲ್ಲ. ಇನ್ನೊಂದು ವಿಷಯ ಏನಾಯಿತೋ ನನಗೆ ತಿಳಿಯುವ ಹಾಗಿರಲಿಲ್ಲ. ಒಂದು ಗೊತ್ತಿತ್ತು: ಅವನು ಸಂತೋಷವಾಗಿರಲಿಲ್ಲ. ಸಂಜೆ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗುತ್ತಿದ್ದ. ತಂಗಿ ಪರದೆ ಸರಿಸಿ ಒಂದು ಸಲ ನೋಡಿ, ಮತ್ತೆ ಯಂತ್ರಕ್ಕೆ ಕೂರುತ್ತಿದ್ದಳು.

ಈಗ ನಾನು ಮಾಡಿದ ಎರಡನೆಯ ತಪ್ಪು. ಐಸ್ ಗೊತ್ತಿಲ್ಲದವರು ಅದನ್ನು ಮಾಡುತ್ತಿರಲಿಲ್ಲ.

ಡಬ್ಬದಲ್ಲಿ ನೀರು ಕಟ್ಟುವುದು ಹೊರಗಿನಿಂದ ಒಳಕ್ಕೆ. ನೀರಿನಲ್ಲಿದ್ದ ಉಪ್ಪು, ಕೊಳೆ ಎಲ್ಲ ನಡುವಿಗೆ ಸೇರಿಕೊಂಡು ಕೊನೆಗೆ ಉಳಿಯುತ್ತದೆ. ಅದನ್ನು ನಾವು ನಡುನೀರು ಅನ್ನುತ್ತೇವೆ. ಅದನ್ನು ಕೈಪಂಪಿನಿಂದ ಎಳೆದು ತೆಗೆದು ಹೊಸ ನೀರು ಹುಯ್ದರೆ ಗಡ್ಡೆ ಗಾಜಿನ ಹಾಗೆ ಬರುತ್ತದೆ. ನಮ್ಮ ಪಂಪು ಕೆಟ್ಟು ಎರಡು ತಿಂಗಳಾಗಿತ್ತು. ಹೊಸದು ಬೇಕೆಂದು ಕೇಳಿ ಕೇಳಿ ನನ್ನ ಬಾಯಿ ಒಣಗಿತ್ತು, ಆ ಮಾತು ತೊಟ್ಟಿಭಾವನಿಗೂ ಗೊತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ಹುರಿ ಹುಡುಕಲು ಒಳಕೋಣೆಯ ಅಟ್ಟಣಿಗೆಗೆ ಕೈ ಹಾಕಿದೆ. ತಂಗಿ ಬಟ್ಟೆ ಕೊಡಲು ಹೋಗಿದ್ದಳು, ಅವನು ಆಗಲೇ ಕಾರ್ಖಾನೆಗೆ ಹೋಗಿದ್ದ. ಗಂಟುಗಳ ಹಿಂದೆ ಒಂದು ಪೆಟ್ಟಿಗೆ ಕೈಗೆ ಸಿಕ್ಕಿತು. ಒಳಗೆ ಗೇಣುದ್ದದ ಪಾರದರ್ಶಕ ಕೊಳವೆ, ಒಂದು ಸಣ್ಣ ರಬ್ಬರ್ ಪೈಪು, ಅದಕ್ಕೆ ಹಿಡಿಕೆಯಿರುವ ಪುಟ್ಟ ಕೈಪಂಪು. ಪೆಟ್ಟಿಗೆಯ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಅರ್ಧ. ಹಿಡಿಕೆ ಒತ್ತಿ ನೋಡಿದೆ, ಅಂಗೈಯನ್ನು ಚೆನ್ನಾಗಿ ಎಳೆಯಿತು. ಅಯ್ಯೋ ಪುಣ್ಯಾತ್ಮ, ನಡುನೀರು ಎಳೆಯಲು ಎಲ್ಲಿಂದಲೋ ಹುಡುಕಿ ತಂದಿದ್ದಾನೆ, ಹೇಳಲು ಸಂಕೋಚಪಟ್ಟುಕೊಂಡು ಇಟ್ಟಿದ್ದಾನೆ ಅಂದುಕೊಂಡೆ. ಕಂಕುಳಲ್ಲಿಟ್ಟುಕೊಂಡು ಕಾರ್ಖಾನೆಗೆ ಹೊರಟೆ.

ಪೈಪನ್ನು ಡಬ್ಬದ ನಡುವಿಗೆ ಇಳಿಬಿಟ್ಟು ನಾಲ್ಕು ಸಲ ಒತ್ತಿದೆ. ನಡುನೀರು ಸೊಗಸಾಗಿ ಬಂತು. ಉದ್ದಣ್ಣ ಮೇಲಿನಿಂದ ಬಗ್ಗಿ ನೋಡಿ, ಮೇಸ್ತ್ರಿ, ಇಂಥದ್ದು ಇನ್ನೂ ನಾಲ್ಕು ಇದ್ದರೆ ಮುಂದಿನ ಬೇಸಿಗೆ ಗೆದ್ದುಬಿಡುತ್ತೇವೆ ಅಂದ. ಎರಡನೆಯ ಡಬ್ಬಕ್ಕೆ ಇಳಿಬಿಡುವ ಹೊತ್ತಿಗೆ ತೊಟ್ಟಿಭಾವ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದ. ಬಂದವನು ನಿಂತುಬಿಟ್ಟ.

"ಭಾವ, ಅದು ಮನೇದು."

"ಮನೇಲಿ ಬಚ್ಚಿಟ್ರೆ ಏನು ಬಂತು ಭಾವ? ಒಳ್ಳೆ ಮಾಲು, ಚೆನ್ನಾಗಿ ಎಳೀತಾ ಇದೆ."

ಅವನು ನನ್ನ ಹತ್ತಿರ ಬಂದು, ಉದ್ದಣ್ಣನಿಗೆ ಕೇಳಿಸದ ಹಾಗೆ, ಡಬ್ಬದ ಕಡೆಗೆ ನೋಡುತ್ತಾ ಹೇಳಿದ:

"ಡಾಕ್ಟ್ರು ಕೊಟ್ಟದ್ದು. ನನಗೆ. ರಕ್ತ ಓಡಾಡಲಿ ಅಂತ."

ಆ ಕೊಳವೆಯ ಅಳತೆ, ಡಾಕ್ಟರು ಹೇಳಿದ್ದ ಗಂಡಸಿನ ಶಕ್ತಿ, ಎರಡೂ ಆಗ ನನಗೆ ಒಟ್ಟಿಗೆ ಅರ್ಥವಾದವು. ಡಬ್ಬಗಳನ್ನು ಮುಳುಗಿಸಿಡುವ ಕೊರೆಯುವ ಉಪ್ಪುನೀರಿನ ತೊಟ್ಟಿಯ ಮೇಲೆ ನಿಂತಿದ್ದರೂ ನನ್ನ ಮೈ ಬೆವರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಉದ್ದಣ್ಣ ಮೇಲಿನಿಂದ, ಯಾವ ಅಂಗಡಿ ಕೇಳಿ ಮೇಸ್ತ್ರಿ, ಇನ್ನೊಂದು ತರಿಸೋಣ ಎಂದು ಕೂಗಿದ. ಇದು ಮಾರಾಟಕ್ಕಿಲ್ಲ, ನಿನ್ನ ಕೆಲಸ ನೋಡು ಅಂದೆ. ತೊಟ್ಟಿಭಾವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ. ಅವನು ನಗುತ್ತಿದ್ದ. ಬಾಯಿ ಬಿಗಿಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

ಆ ಪಂಪನ್ನು ಒಳ್ಳೆಯ ನೀರಿನಲ್ಲಿ ಮೂರು ಸಲ ತೊಳೆದೆ, ಶುಭ್ರವಾದ ಬಟ್ಟೆಯಲ್ಲಿ ಒರೆಸಿದೆ, ಊಟದ ಬಿಡುವಿನಲ್ಲಿ ಮನೆಗೆ ಓಡಿ ಇದ್ದಲ್ಲಿಯೇ ಇಟ್ಟುಬಂದೆ. ಆ ಸಂಜೆ ನಾನು ಮಂಚದ ಮೇಲೆ ಕೂತಿದ್ದೆ. ಪರದೆಯಾಚೆ ಅವನು ಅವಳಿಗೆ ಹೇಳುತ್ತಿದ್ದಿರಬೇಕು. ಯಂತ್ರ ನಿಂತಿತು. ಮೊದಲು ಅವಳ ನಗು, ಬಾಯಿಗೆ ಬಟ್ಟೆ ಅದುಮಿಕೊಂಡ ನಗು. ಆಮೇಲೆ ಅವನದು. ಆ ಮನೆಯಲ್ಲಿ ಎಷ್ಟೋ ತಿಂಗಳಿಂದ ಕೇಳದ ಸದ್ದು ಅದು. ನನಗೂ ನಗು ಬಂತು, ತಡೆಯಲು ಹೋಗಿ ಕೆಮ್ಮಿದೆ.

ಕೆಮ್ಮಿದ್ದೇ ತಡ, ಒಳಗೆ ಎರಡೂ ನಗು ಕತ್ತರಿಸಿದ ಹಾಗೆ ನಿಂತವು.

ನಾನು ಆ ಮೌನದಲ್ಲಿ ಕೂತು ಹಿಂದಿನದನ್ನೆಲ್ಲ ಒಂದೊಂದಾಗಿ ಮುಂದೆ ಹರಡಿಕೊಂಡೆ. ಪ್ರತಿ ಬುಧವಾರ ಮಧ್ಯಾಹ್ನ ಕಾರ್ಖಾನೆ ನಿಲ್ಲಿಸಿ ತೊಟ್ಟಿ ತೊಳೆಸುತ್ತೇವೆ. ಮೇಸ್ತ್ರಿಯಾದ ನಾನು ಅಲ್ಲಿರಬೇಕು, ಅವನಿಗೆ ರಜ. ಬುಧವಾರ ಸಂಜೆ ಬಂದಾಗ ತಂಗಿ ಹೊಲಿದ ಬಟ್ಟೆ ಯಾವತ್ತೂ ಕಡಿಮೆಯಿರುತ್ತಿತ್ತು. ಕೈನೋವು ಅಣ್ಣ ಅನ್ನುತ್ತಿದ್ದಳು. ಅವಳ ಕೈನೋವಿಗೆ ಎಣ್ಣೆ ತಂದುಕೊಟ್ಟವನು ನಾನು. ಹನ್ನೊಂದು ವರ್ಷ ಅವರಿಬ್ಬರ ಸಂಸಾರ ವಾರಕ್ಕೆ ಒಂದು ಮಧ್ಯಾಹ್ನದಷ್ಟೇ ಉಳಿದಿತ್ತು. ಅದನ್ನೂ ನಾನು ಡಾಕ್ಟರ ಎದುರು ಕೂತು ಪೂರ್ತಿ ಹೆಪ್ಪುಗಟ್ಟಿಸಿ ಎಂದು ಹೇಳಿ ಬಂದಿದ್ದೆ. ಶಿವಪೂಜೆಯಲ್ಲಿ ಕರಡಿ ಬಂದರೆ ಬಂದಷ್ಟೇ ಬೇಗ ಹೋಗುತ್ತದೆ. ಈ ಕರಡಿ ಮಂಚ ಹಾಕಿಕೊಂಡು ಕೂತಿತ್ತು.

ಕಾರ್ಖಾನೆಯ ಗೇಟಿನ ಪಕ್ಕ, ಮೊದಲು ತೂಕ ಹಾಕುವವನು ಇದ್ದ ಕೋಣೆ ಖಾಲಿ ಬಿದ್ದಿತ್ತು. ಒಂದು ಕಿಟಕಿ, ಒಂದು ನಲ್ಲಿ, ಗೋಡೆಯಾಚೆ ಯಂತ್ರದ ಸದ್ದು. ಎರಡು ದಿನ ಗುಡಿಸಿ ತೊಳೆದೆ. ಆಮೇಲೆ ಮನೆಯಲ್ಲಿ ಹೇಳಿದೆ, ಮುಂಜಾನೆ ಪಾಳಿಗೆ ನಡೆದು ಬರಲು ಮೊಣಕಾಲು ಕೇಳುವುದಿಲ್ಲ, ಅಲ್ಲೇ ಇರುತ್ತೇನೆ ಎಂದು. ತಂಗಿ ಕತ್ತರಿ ಕೆಳಗಿಟ್ಟಳು.

"ಯಾರು ಏನಂದ್ರು ಅಣ್ಣ?"

"ಯಾರೂ ಏನೂ ಅಂದಿಲ್ಲ ಕಣಮ್ಮ."

"ಆವತ್ತು ಬಾಗಿಲಲ್ಲಿ ನಾನು ಅಂದ ಮಾತಿಗಾ?"

"ಆ ಮಾತು ಅಂದಿದ್ದು ಒಳ್ಳೇದಾಯ್ತು. ಹತ್ತು ವರ್ಷ ಮೊದಲೇ ಅನ್ನಬೇಕಿತ್ತು."

ಅವಳು ತಲೆ ಬಗ್ಗಿಸಿದಳು. ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಯನ್ನು ಬೆರಳಿನಿಂದ ಒರೆಸಿದಳು, ಮತ್ತೆ ಎಳೆದಳು. ಊಟಕ್ಕೆ ಏನು ಮಾಡುತ್ತೀಯ ಎಂದು ಕೇಳಿದಳು. ಭಾನುವಾರ ಬರುತ್ತೇನೆ ಅಂದೆ. ಆಗ ತೊಟ್ಟಿಭಾವ, ಮರ್ಯಾದೆಗೆ ಏನಾದರೂ ಹೇಳಬೇಕಲ್ಲ ಎಂದು, "ಬುಧವಾರಾನೂ ಬನ್ನಿ ಭಾವ, ನನಗೆ ರಜ ಇರುತ್ತಲ್ಲ" ಅಂದ. ತಂಗಿ ಅವನನ್ನು ನೋಡಿದ ನೋಟಕ್ಕೆ ಕಟ್ಟಿದ ಗಡ್ಡೆಯೂ ಕರಗುತ್ತಿತ್ತು.

"ಬುಧವಾರ ನನಗೆ ತೊಟ್ಟಿ ತೊಳೆಸೋದಿರುತ್ತೆ" ಅಂದೆ.

ಆ ವಾರವೇ ಎರಡನೆಯ ರಕ್ತಪರೀಕ್ಷೆಯ ಕಾಗದ ಬಂದಿತ್ತು. ಅಂಕಿ ಏರಿರಲಿಲ್ಲ. ಇನ್ನು ಮೂರು ತಿಂಗಳ ಮೇಲೆ ಮತ್ತೆ, ಆಮೇಲೆ ಮತ್ತೆ. ಡಾಕ್ಟರು ಈಗಲೂ ಖಾತ್ರಿ ಕೊಟ್ಟಿಲ್ಲವಂತೆ. ಉಳಿದ ಅರ್ಧವನ್ನು ಕಾಯುತ್ತಾ ಇರಬೇಕು. ಅದನ್ನು ಅವರಿಬ್ಬರೇ ಕಾಯುತ್ತಾರೆ.

ನನ್ನ ಮಂಚವನ್ನು ಹೊರಲು ತೊಟ್ಟಿಭಾವ ಬಂದ. ಬೇಡ ಭಾವ, ಭಾರ ಎತ್ತಬೇಡ, ಮೊದಲು ನಿನ್ನ ಮಂಚ ಒಳಗೆ ಎಳೆದುಕೋ ಅಂದೆ. ಅವನ ಕಿವಿ ಮತ್ತೆ ಕೆಂಪಾಯಿತು, ಈ ಸಲ ತಲೆ ಬಗ್ಗಿಸಲಿಲ್ಲ. ಉದ್ದಣ್ಣ ಒಂದು ತುದಿ ಹಿಡಿದ, ನಾನು ಒಂದು ತುದಿ. ಹಾಗೆ ಆ ಮನೆ ಬಿಟ್ಟು ಹೋದವನು ನಾನು. ಅವತ್ತು ಮಂಗಳವಾರ.